ಉಕ್ಕಿನ ಗುಟ್ಟು ಹುಡುಕಿದ ಕಮ್ಮಾರನ ಮಗ

ಬಳ್ಳಾರಿ ನಗರದ ಅಂಚಿಗೇ ಇರುವ ಸಂಗನಕಲ್ಲಿನ ಹಿರೇಗುಡ್ಡವನ್ನು ಹತ್ತಿದವರಿಗೆ ಅಲ್ಲಲ್ಲಿ ಕಪ್ಪು ಕಲ್ಲಿನ ಚಕ್ಕೆಗಳು ಹರಡಿ ಬಿದ್ದಿರುವುದು ಕಾಣುತ್ತದೆ. ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಮೇಲೆದ್ದಿರುವ ಡಾಲರೈಟ್ ಎಂಬ ಗಟ್ಟಿ ಶಿಲೆಯ ಪಟ್ಟೆಯಿಂದ ಒಡೆದು ತೆಗೆದ ಚಕ್ಕೆಗಳವು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ಇಲ್ಲಿ ಕಲ್ಲುಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಮೊದಲು ಬಂಡೆಯನ್ನು ಒಡೆಯುವುದು, ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಕುಟ್ಟಿ ಉಬ್ಬುತಗ್ಗುಗಳನ್ನು ಸರಿಪಡಿಸುವುದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಉಜ್ಜಿ ನುಣುಪು ಮಾಡುವುದು. ಹಾಗೆ ಉಜ್ಜಿದ ಗುಳಿಗಳು ಬಂಡೆಗಳ ಮೇಲೆ ಉಳಿದಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಗುರುತಿಸಿದ ಈ ನೆಲೆಯನ್ನು 1946ರಲ್ಲಿ ಬಿ. ಸುಬ್ಬರಾವ್ ಅವರು ಅಗೆದು ನೋಡಿದ ಮೇಲೆ ಸಂಗನಕಲ್ಲಿನ ಹೆಸರು ದಕ್ಷಿಣ ಭಾರತದ ಪ್ರಾಗಿತಿಹಾಸದಲ್ಲಿ ಭದ್ರವಾಗಿ ನಿಂತಿತು.

ಈ ಕೊಡಲಿಗಳ ಬಗ್ಗೆ ಒಂದು ಮಾತನ್ನು ಗಮನಿಸಬೇಕು. ಎಷ್ಟು ಉಜ್ಜಿದರೂ ಕಲ್ಲಿನ ಗಟ್ಟಿತನ ಹೆಚ್ಚುವುದಿಲ್ಲ. ಅಂಚು ಹರಿತವಾಗುತ್ತದೆ, ಅಷ್ಟೆ. ಗಟ್ಟಿ ಕಲ್ಲು ಬೇಕಾದವನು ಗಟ್ಟಿ ಕಲ್ಲನ್ನೇ ಹುಡುಕಿಕೊಂಡು ಹೋಗಬೇಕು. ಲೋಹದ ರೀತಿಯೇ ಬೇರೆ. ಅದೇ ತುಂಡನ್ನು ಬಡಿದರೆ ಬಿರುಸಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಇನ್ನೊಂದೇ ವಸ್ತುವಾಗಿ ಹೊರಬರುತ್ತದೆ. ನಮ್ಮ ಕುಲುಮೆಗಳಲ್ಲಿ ಇದಕ್ಕೆ ಹದ ಎಂಬ ಒಂದೇ ಮಾತು ಸಾಕಾಗಿತ್ತು. ಹದ ಕಂಡವನಿಗೆ ಅದು ಕೈಯಲ್ಲಿತ್ತು, ಕಣ್ಣಿನಲ್ಲಿತ್ತು, ಪುಸ್ತಕದಲ್ಲಿ ಇರಲಿಲ್ಲ.

ಕೈಯಲ್ಲಿದ್ದ ಈ ವಿದ್ಯೆಯನ್ನು ಪುಸ್ತಕಕ್ಕೆ ತರಲು ಹೊರಟವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವನು ಮೈಕೆಲ್ ಫ್ಯಾರಡೆ. ಶಾಲೆಯ ಪಾಠಗಳಲ್ಲಿ ನಮಗೆ ಪರಿಚಯವಾಗುವ ಫ್ಯಾರಡೆ ವಿದ್ಯುತ್ತಿನ ಫ್ಯಾರಡೆ. ಡೈನಮೋ, ಟ್ರಾನ್ಸ್‌ಫಾರ್ಮರ್‌ಗಳ ಮೂಲಪುರುಷ. ಆ ಖ್ಯಾತಿ ಬರುವ ಮುನ್ನ ಆತ ಸುಮಾರು ಐದು ವರ್ಷ ಉಕ್ಕಿನ ಹಿಂದೆ ಬಿದ್ದಿದ್ದ. ಆ ಹುಡುಕಾಟಕ್ಕೆ ಪ್ರೇರಣೆಯಾದದ್ದು ದಕ್ಷಿಣ ಭಾರತದ ಉಕ್ಕು. ಆತನ ಜೀವನಚರಿತ್ರೆಗಳಲ್ಲಿ ಈ ಐದು ವರ್ಷಗಳಿಗೆ ಸಾಮಾನ್ಯವಾಗಿ ಸಿಗುವುದು ಒಂದೆರಡು ಪುಟ. ಅದು ಸಾಲದು ಎಂಬುದು ಈ ಲೇಖನದ ತಕರಾರು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಹೊರವಲಯದ ನ್ಯೂಯಿಂಗ್ಟನ್‌ನಲ್ಲಿ. ತಂದೆ ಜೇಮ್ಸ್ ಕಮ್ಮಾರ. ಉತ್ತರ ಇಂಗ್ಲೆಂಡಿನ ಹಳ್ಳಿಯಿಂದ ಹೊಟ್ಟೆಪಾಡಿಗೆ ರಾಜಧಾನಿಗೆ ಬಂದವನು. ಬಂದ ಮೇಲೆ ಆರೋಗ್ಯ ಕೆಟ್ಟಿತು. ಕೆಲಸಕ್ಕೆ ಹೋದ ದಿನಗಳಿಗಿಂತ ಮಲಗಿದ ದಿನಗಳೇ ಹೆಚ್ಚಾದವು. 1801ರ ಸುಮಾರಿಗೆ ಧಾನ್ಯದ ಬೆಲೆ ಏರಿದಾಗ ಹತ್ತು ವರ್ಷದ ಮೈಕೆಲ್‌ನ ಪಾಲಿಗೆ ವಾರಕ್ಕೊಂದು ಬ್ರೆಡ್ಡು ಸಿಗುತ್ತಿತ್ತೆಂದು ಹೇಳಲಾಗಿದೆ. ಓದು ಬರಹ, ಒಂದಿಷ್ಟು ಲೆಕ್ಕ. ಅಲ್ಲಿಗೆ ಶಾಲೆ ಮುಗಿಯಿತು. ಕುಟುಂಬವು ಸ್ಯಾಂಡಿಮೇನಿಯನ್ ಎಂಬ ಚಿಕ್ಕ ಕ್ರೈಸ್ತ ಪಂಗಡಕ್ಕೆ ಸೇರಿತ್ತು. ಆಡಂಬರವನ್ನೂ ಹಣ ಕೂಡಿಡುವುದನ್ನೂ ಒಪ್ಪದ ಪಂಗಡ ಅದು. ಫ್ಯಾರಡೆ ಕೊನೆಯವರೆಗೂ ಅದನ್ನು ಬಿಡಲಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ ಹುಡುಗ ಏಳು ವರ್ಷ ಅಲ್ಲಿದ್ದ. ಕಟ್ಟಲು ಬಂದ ಪುಸ್ತಕಗಳನ್ನು ಓದುವುದು ಅಭ್ಯಾಸವಾಯಿತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಾಮಾನ್ಯ ಓದುಗರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕ ಆತನನ್ನು ವಿಜ್ಞಾನದ ಕಡೆಗೆ ಎಳೆಯಿತು. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಕೇಳಿದ್ದನ್ನೆಲ್ಲ ಚಿತ್ರಸಹಿತ ಬರೆದು, ತಾನೇ ರಟ್ಟು ಕಟ್ಟಿ, ಸುಮಾರು ಮುನ್ನೂರು ಪುಟಗಳ ಆ ಪುಸ್ತಕವನ್ನು ಡೇವಿಗೆ ಕಳುಹಿಸಿದ. ಪ್ರಯೋಗಾಲಯದ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡದ್ದರಿಂದ 1813ರ ಮಾರ್ಚ್‌ನಲ್ಲಿ ಆ ಜಾಗ ಫ್ಯಾರಡೆಗೆ ಸಿಕ್ಕಿತು. ವಾಸಕ್ಕೆ ಕಟ್ಟಡದ ಮೇಲ್ಭಾಗದ ಎರಡು ಕೋಣೆಗಳು.

ಅದೇ ವರ್ಷ ಡೇವಿ ದಂಪತಿಯ ಜತೆ ಯೂರೋಪ್ ಪ್ರವಾಸ. ಡೇವಿಯ ಹೆಂಡತಿ ಈತನನ್ನು ಮನೆಯಾಳಿನಂತೆ ನಡೆಸಿಕೊಂಡಳು, ಹುಡುಗ ಸಹಿಸಿಕೊಂಡ. 1814ರಲ್ಲಿ ಫ್ಲಾರೆನ್ಸ್‌ನಲ್ಲಿ ದೊಡ್ಡ ಮಸೂರದಿಂದ ಬಿಸಿಲನ್ನು ಕೇಂದ್ರೀಕರಿಸಿ ಡೇವಿ ಒಂದು ವಜ್ರವನ್ನು ಸುಟ್ಟಾಗ ಫ್ಯಾರಡೆ ಪಕ್ಕದಲ್ಲಿದ್ದ. ವಜ್ರವು ಇದ್ದಿಲಿನಂತೆಯೇ ಬರಿಯ ಇಂಗಾಲ ಎಂಬುದನ್ನು ಆ ಪ್ರಯೋಗ ತೋರಿಸಿತು. ಒಂದೇ ಇಂಗಾಲ ಕೈಗೆ ಮಸಿಯಾಗಿ ಹತ್ತುವ ಇದ್ದಿಲೂ ಆಗಬಲ್ಲದು, ಗಾಜನ್ನು ಕೊರೆಯುವ ವಜ್ರವೂ ಆಗಬಲ್ಲದು. ಯಾವ ಧಾತು ಎಂಬುದಷ್ಟೇ ಅಲ್ಲ, ಅದು ಯಾವ ಜೋಡಣೆಯಲ್ಲಿದೆ ಎಂಬುದೂ ಮುಖ್ಯ ಎಂಬ ಪಾಠ ಅಲ್ಲಿತ್ತು. ಐದು ವರ್ಷಗಳ ನಂತರ ಉಕ್ಕಿನ ವಿಷಯದಲ್ಲಿ ಫ್ಯಾರಡೆ ಎಡವಿದ್ದು ಇದೇ ಜಾಗದಲ್ಲಿ.

ಇತ್ತ ಲಂಡನ್ನಿನಲ್ಲಿ ವೂಟ್ಸ್ ಎಂಬ ವಿಚಿತ್ರ ಹೆಸರಿನ ಉಕ್ಕಿನ ಬಗ್ಗೆ ಮಾತು ನಡೆದಿತ್ತು. 1790ರ ದಶಕದಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಅದರ ಗಟ್ಟಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ್ದ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಅದರ ಮೇಲೆ ಪ್ರಬಂಧ ಓದಿ, ಅದು ಮುಂಬಯಿಯಲ್ಲಿ ತಯಾರಾಗುವ ಉಕ್ಕು ಎಂದು ಶೀರ್ಷಿಕೆಯಲ್ಲೇ ಬರೆದುಬಿಟ್ಟ. ಮುಂಬಯಿ ಹಡಗು ಹತ್ತಿಸಿದ ಬಂದರು. ಉಕ್ಕು ಹುಟ್ಟುತ್ತಿದ್ದ ಮೂಸೆಗಳು ಇದ್ದದ್ದು ಮೈಸೂರು, ಸೇಲಂ, ಹೈದರಾಬಾದು ಸೀಮೆಗಳಲ್ಲಿ. ಹೆಸರೂ ನಮ್ಮದೇ. ವೂಟ್ಸ್ ಎಂಬುದು ಕನ್ನಡದ ಉಕ್ಕು ಎಂಬ ಪದದ ಅಪಭ್ರಂಶ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮಾತು. ಕರಗುವುದನ್ನು ಹೇಳುವ ತಮಿಳಿನ ಉರುಕು, ಹಳಗನ್ನಡದ ಉರ್ಕು, ಇಂದಿನ ಉಕ್ಕು ಎಲ್ಲವೂ ಒಂದೇ ಬಳ್ಳಿಯವು. ಕರಗಿಸಿ ಮಾಡಿದ ಲೋಹ ಎಂಬುದು ಹೆಸರಿನಲ್ಲೇ ಇದೆ. ಇಂಗ್ಲಿಷರ ನಾಲಗೆಯಲ್ಲಿ, ಬಹುಶಃ ಬರವಣಿಗೆಯ ತಪ್ಪಿನಿಂದಲೂ, ಅದು ವೂಟ್ಸ್ ಆಯಿತು.

ಆ ಉಕ್ಕು ತಯಾರಾಗುತ್ತಿದ್ದ ಬಗೆಯನ್ನು ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ದಾಖಲಿಸಿದ್ದಾನೆ. ಮಾಗಡಿ, ಮಧುಗಿರಿ ಕಡೆಯ ಕುಲುಮೆಗಳಲ್ಲಿ ಜೇಡಿಮಣ್ಣಿನ ಸಣ್ಣ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆ ಚೂರು, ಒಂದೆರಡು ಹಸಿರೆಲೆ ಇಟ್ಟು ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಹಲವು ಮೂಸೆಗಳನ್ನು ಒಟ್ಟಿಗೆ ಜೋಡಿಸಿ, ಇದ್ದಿಲು ಸುರಿದು, ತೊಗಲಿನ ತಿದಿಯಿಂದ ಗಂಟೆಗಟ್ಟಲೆ ಗಾಳಿ ಊದುತ್ತಿದ್ದರು. ಕಟ್ಟಿಗೆ ಮತ್ತು ಎಲೆಯ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಕರಗಿ, ಮೂಸೆಯ ತಳದಲ್ಲಿ ಮುಷ್ಟಿಗಾತ್ರದ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿತ್ತು. ಅದರಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ 1.5. ಅದನ್ನು ಬಡಿದು ಕತ್ತಿ ಮಾಡಿದರೆ ಮೇಲ್ಮೈಯಲ್ಲಿ ನೀರಿನ ಅಲೆಯಂತಹ ರೇಖೆಗಳು ಮೂಡುತ್ತಿದ್ದವು. ಜಗತ್ತು ಡಮಾಸ್ಕಸ್ ಕತ್ತಿ ಎಂದು ಕೊಂಡಾಡಿದ್ದು ಇದನ್ನೇ.

ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬ ಪಳಗಿದ ಕುಶಲಕರ್ಮಿ ಇದ್ದ. ಶಸ್ತ್ರಚಿಕಿತ್ಸೆಯ ಉಪಕರಣ, ಕ್ಷೌರದ ಕತ್ತಿಗಳನ್ನು ಮಾಡುವವನು. ಪಿಯರ್‌ಸನ್‌ಗಾಗಿ ವೂಟ್ಸ್ ಬಡಿದವನು ಈತನೇ. ವರ್ಷಗಟ್ಟಲೆ ಬಳಸಿ ನೋಡಿ, ಯೂರೋಪಿನ ಯಾವ ಉಕ್ಕಿಗಿಂತಲೂ ಭಾರತದ ಉಕ್ಕೇ ಮೇಲೆಂದು ತನ್ನ ಅಂಗಡಿಯ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದ. ವ್ಯಾಪಾರದ ಜಾಹೀರಾತು ಎಂದು ತಳ್ಳಿಹಾಕುವಂತಿಲ್ಲ. ಅಗ್ಗದ ಸ್ವದೇಶಿ ಉಕ್ಕು ಕೈಗೆಟುಕುವಲ್ಲೇ ಇರುವಾಗ ದೂರದ ಸರಕಿಗೆ ಅವನು ಅಂಟಿಕೊಂಡದ್ದಕ್ಕೆ ಅನುಭವವೇ ಕಾರಣವಾಗಿತ್ತು. 1818ರ ಸುಮಾರಿಗೆ ಅರವತ್ತರ ಹೊಸ್ತಿಲಲ್ಲಿದ್ದ ಈ ಸ್ಟೊಡಾರ್ಟ್ ಮತ್ತು ಇಪ್ಪತ್ತೇಳರ ಫ್ಯಾರಡೆ ಒಟ್ಟಿಗೆ ಕೆಲಸಕ್ಕೆ ಕೂತರು. ಉದ್ದೇಶ ಎರಡು: ವೂಟ್ಸ್‌ನ ಗುಟ್ಟು ತಿಳಿಯುವುದು, ಅದಕ್ಕಿಂತ ಉತ್ತಮವಾದ, ಸಾಧ್ಯವಾದರೆ ತುಕ್ಕು ಹಿಡಿಯದ ಉಕ್ಕನ್ನು ಮಾಡುವುದು. ಕಮ್ಮಾರನ ಮಗ ಮತ್ತೆ ಬೆಂಕಿಯ ಮುಂದೆ ಬಂದು ನಿಂತಂತಾಯಿತು.

1819ರಲ್ಲಿ ಫ್ಯಾರಡೆ ವೂಟ್ಸ್‌ನ ರಾಸಾಯನಿಕ ವಿಶ್ಲೇಷಣೆಯನ್ನು ಪ್ರಕಟಿಸಿದ. ಆಸಿಡ್‌ನಲ್ಲಿ ಕರಗಿಸಿ ನೋಡಿದಾಗ ಅಲ್ಪ ಪ್ರಮಾಣದಲ್ಲಿ ಅಲ್ಯುಮಿನಾ ಮತ್ತು ಸಿಲಿಕಾ ಸಿಕ್ಕವು. ಇಂಗ್ಲಿಷ್ ಉಕ್ಕಿನಲ್ಲಿ ಅಲ್ಯುಮಿನಾ ಕಾಣಲಿಲ್ಲ. ಹಾಗಾದರೆ ವೂಟ್ಸ್‌ನ ಶ್ರೇಷ್ಠತೆಗೆ ಅದೇ ಕಾರಣವಿರಬೇಕೆಂದು ತೀರ್ಮಾನಿಸಿದ. ಅಲ್ಯುಮಿನಾ ಸೇರಿಸಿ ಕೃತಕ ವೂಟ್ಸ್ ಕೂಡ ಮಾಡಿದರು. ಅದನ್ನು ಬಡಿದು ಆಸಿಡ್ ಹಚ್ಚಿದಾಗ ಅಲೆಯ ರೇಖೆಗಳು ಮೂಡಿದವು! ಸಿದ್ಧಾಂತ ರುಜುವಾತಾಯಿತೆಂದು ಅವರಿಗೆ ಅನ್ನಿಸಿದ್ದು ಸಹಜ. ಆದರೆ ಆ ಪ್ರಯೋಗದ ಮೊದಲ ಹಂತದಲ್ಲೇ ಅವರು ಉಕ್ಕಿಗೆ ಯಥೇಚ್ಛವಾಗಿ ಇಂಗಾಲ ಉಣಿಸಿದ್ದರು. ರೇಖೆಗಳನ್ನು ತಂದದ್ದು ಆ ಇಂಗಾಲ. ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನ ಬ್ರೆಯಾಂ ಎಂಬಾತ ಅದನ್ನು ತೋರಿಸಿದ.

ಇಂಗಾಲವೂ ಪೂರ್ತಿ ಉತ್ತರವಾಗಿರಲಿಲ್ಲ. ಇಂತಹ ಉಕ್ಕನ್ನು ಬೆಳ್ಳಗೆ ಕಾಯಿಸಿ ಬಡಿದರೆ ಅದು ಪುಡಿಪುಡಿಯಾಗುತ್ತದೆ. ಯೂರೋಪಿನ ಕಮ್ಮಾರರು ಮತ್ತೆ ಮತ್ತೆ ಸೋತದ್ದು ಇಲ್ಲಿಯೇ. ಅವರಿಗೆ ಅಭ್ಯಾಸವಿದ್ದದ್ದು ಹೆಚ್ಚು ಕಾವಿನ ಕೆಲಸ. ನಮ್ಮ ಕಡೆಯ ಮತ್ತು ಪರ್ಷಿಯಾದ ಕಮ್ಮಾರರು ಮಂದ ಕೆಂಪಿನ ಕಾವಿನಲ್ಲಿ ಬಡಿದು, ಆರಲು ಬಿಟ್ಟು, ಮತ್ತೆ ಕಾಯಿಸಿ, ಮತ್ತೆ ಬಡಿಯುತ್ತಿದ್ದರು. ಅಮೆರಿಕದ ವರ್ಹೋವನ್ ಎಂಬ ಲೋಹವಿಜ್ಞಾನಿಯೂ ಪೆಂಡ್ರೇ ಎಂಬ ಕಮ್ಮಾರನೂ ಕೂಡಿ 1990ರ ದಶಕದಲ್ಲಿ ತೋರಿಸಿಕೊಟ್ಟಂತೆ, ಹೀಗೆ ಕಾಯಿಸಿ ಬಡಿಯುವ ಸುತ್ತುಗಳು ಹಲವು ಬಾರಿ ನಡೆದಾಗ ಮಾತ್ರ ಕಬ್ಬಿಣ ಮತ್ತು ಇಂಗಾಲ ಕೂಡಿದ ಗಟ್ಟಿ ಕಣಗಳು ಸಾಲುಗಟ್ಟಿ ನಿಲ್ಲುತ್ತವೆ. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವೆನೇಡಿಯಂನಂತಹ ಧಾತು ಅದಕ್ಕೆ ನೆರವಾಗುತ್ತದೆ. ಅಂದರೆ ಗುಟ್ಟು ಅರ್ಧ ಮೂಸೆಯಲ್ಲಿತ್ತು, ಅರ್ಧ ಸುತ್ತಿಗೆಯಲ್ಲಿತ್ತು. ಆಸಿಡ್‌ನಲ್ಲಿ ಕರಗಿಸಿದಾಗ ಸುತ್ತಿಗೆಯ ಕೆಲಸ ಕುರುಹಿಲ್ಲದೆ ಅಳಿಸಿಹೋಗುತ್ತದೆ. ಕರಗಿಸಿ ನೋಡುವುದೊಂದೇ ಫ್ಯಾರಡೆಯ ಕಾಲಕ್ಕೆ ಇದ್ದ ದಾರಿ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು 2004ರಲ್ಲಿ ಈ ಉಕ್ಕಿನ ಕಥೆಯನ್ನು ಒಂದು ಪುಸ್ತಕವಾಗಿಯೇ ಹೊರತಂದರು.

ಸ್ಟೊಡಾರ್ಟ್‌ಗೆ ಹದದ ಅರಿವು ಇರಲಿಲ್ಲವೆಂದಲ್ಲ. ಗಡಸುಗೊಳಿಸಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸಿ ಬಿರುಸನ್ನು ತಗ್ಗಿಸುವಾಗ ಇಂಗ್ಲಿಷ್ ಎರಕದ ಉಕ್ಕಿಗಿಂತ ವೂಟ್ಸ್‌ಗೆ ಸುಮಾರು 40 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಕಾವು ಬೇಕೆಂದು ಅವರು ಗುರುತಿಸಿದ್ದರು. ಇಂತಹ ಸೂಕ್ಷ್ಮವನ್ನು ಕಂಡವನು ಆ ಕುಶಲಕರ್ಮಿಯೇ ಇರಬೇಕು. ಆದರೂ ಅವರ ಪ್ರಬಂಧಗಳ ಗಮನವೆಲ್ಲ ಯಾವ ಲೋಹವನ್ನು ಎಷ್ಟು ಬೆರೆಸಿದೆವು ಎಂಬುದರ ಮೇಲೆಯೇ ಇದೆ.

ಬೆರೆಸಿದ ಲೋಹಗಳ ಪಟ್ಟಿಯಂತೂ ಅಪೂರ್ವ: ಬೆಳ್ಳಿ, ಪ್ಲಾಟಿನಂ, ರೋಡಿಯಂ, ಇರಿಡಿಯಂ, ನಿಕೆಲ್, ಕ್ರೋಮಿಯಂ. ರಾಯಲ್ ಇನ್‌ಸ್ಟಿಟ್ಯೂಷನ್‌ನ ನೆಲಮಾಳಿಗೆಯಲ್ಲಿ ಫ್ಯಾರಡೆ ಇದಕ್ಕೆಂದೇ ಊದುಕುಲುಮೆ ಕಟ್ಟಿದ. ದುಬಾರಿ ರೋಡಿಯಂ ಅನ್ನು ವಿಜ್ಞಾನಿ ವೊಲ್ಲಾಸ್ಟನ್ ಒದಗಿಸಿದ. ಬೆಳ್ಳಿ ಹೆಚ್ಚಾದರೆ ಉಕ್ಕು ಆರುವಾಗ ಬೆವರಿನಂತೆ ಹನಿಹನಿಯಾಗಿ ಹೊರಬರುವುದನ್ನು ಕಂಡು, ಐನೂರರಲ್ಲಿ ಒಂದು ಪಾಲಿಗೆ ಇಳಿಸಿದರು. 1820 ಮತ್ತು 1822ರಲ್ಲಿ ಎರಡು ಪ್ರಬಂಧಗಳು ಹೊರಬಂದವು. ಷೆಫೀಲ್ಡ್‌ನ ಕಾರ್ಖಾನೆಯೊಂದು ಈ ಮಿಶ್ರಲೋಹಗಳನ್ನು ಬಳಸಿಯೂ ನೋಡಿತು. ಫ್ಯಾರಡೆ ತನ್ನ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆಯಾಗಿ ಕಳುಹಿಸಿದ. ಇದರ ನಡುವೆ 1819ರ ಬೇಸಿಗೆಯಲ್ಲಿ ವೇಲ್ಸ್ ಸೀಮೆಯನ್ನು ನಡೆದೇ ಸುತ್ತಿ ಡೌಲೈಸ್‌ನ ದೊಡ್ಡ ಕಬ್ಬಿಣದ ಕಾರ್ಖಾನೆಯನ್ನು ನೋಡಿ ಬಂದ.

ಕ್ರೋಮಿಯಂ ವಿಚಾರದಲ್ಲಿ ನಿಲ್ಲಬೇಕು. ಅವರು ಬೆರೆಸಿದ್ದು ನೂರಕ್ಕೆ ಒಂದು ಪಾಲು, ಮತ್ತೊಮ್ಮೆ ಮೂರು ಪಾಲು. ಉಕ್ಕು ಗಡುಸಾಯಿತು, ಆದರೂ ಸುತ್ತಿಗೆಗೆ ಬಗ್ಗಿತು; ಚೆಂದದ ರೇಖೆಗಳೂ ಮೂಡಿದವು. ತುಕ್ಕು ನಿಲ್ಲಬೇಕಾದರೆ ಕ್ರೋಮಿಯಂ ಹತ್ತೂವರೆ ಪಾಲನ್ನಾದರೂ ದಾಟಬೇಕು. ಆಗ ಮಾತ್ರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಒತ್ತಾಗಿ ಹರಡಿ ಕಬ್ಬಿಣವನ್ನು ಗಾಳಿ ನೀರಿನಿಂದ ಕಾಯುತ್ತದೆ. ಮೂರಕ್ಕೆ ನಿಂತ ಫ್ಯಾರಡೆ ತುಕ್ಕು ಹಿಡಿಯದ ಉಕ್ಕಿನ ಬಾಗಿಲ ತನಕ ಬಂದು ಹಿಂದಿರುಗಿದ. ಆತನ ಕೆಲಸದಿಂದ ಸ್ಫೂರ್ತಿ ಪಡೆದ ಫ್ರೆಂಚ್ ವಿಜ್ಞಾನಿ ಬೆರ್ತಿಯೆ 1821ರಲ್ಲೇ ಹೆಚ್ಚು ಕ್ರೋಮಿಯಂ ಇರುವ ಕಬ್ಬಿಣ ಆಸಿಡ್‌ಗಳನ್ನು ತಡೆಯುತ್ತದೆಂದು ಬರೆದ. ಆದರೆ ಆ ಲೋಹ ಬಳಕೆಗೆ ಬಾರದಷ್ಟು ಬಿರುಸಾಗಿತ್ತು. ಮುಂದೆ ತೊಂಬತ್ತು ವರ್ಷ ವಿಷಯ ತೆವಳಿತು. ಷೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಶೇ 12.8 ಕ್ರೋಮಿಯಂ ಇದ್ದ ಉಕ್ಕನ್ನು ಕರಗಿಸಿದ್ದು 1913ರ ಆಗಸ್ಟ್‌ನಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯ ಕ್ರುಪ್ ಕಂಪನಿಯವರು ಕ್ರೋಮಿಯಂ ಜತೆಗೆ ನಿಕೆಲ್ ಬೆರೆಸಿದ ಇನ್ನೊಂದು ಬಗೆಯನ್ನು ಕಂಡುಕೊಂಡಿದ್ದರು. ನಮ್ಮ ಅಡುಗೆಮನೆಯ ಒಳ್ಳೆಯ ಪಾತ್ರೆಗಳು ಈ ಎರಡನೆಯ ವಂಶದವು.

ಈ ಎರಡು ವಂಶಗಳನ್ನು ಗಟ್ಟಿ ಮಾಡುವ ದಾರಿಗಳು ಬೇರೆಬೇರೆ. ಬ್ರಿಯರ್ಲಿಯ ಉಕ್ಕು ಹಳೆಯ ಕುಲುಮೆಯ ನಿಯಮಕ್ಕೆ ಒಳಪಟ್ಟದ್ದು: ಸಾವಿರ ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾಯಿಸಿ ತಟ್ಟನೆ ತಣಿಸಿದರೆ ಗಡುಸಾಗುತ್ತದೆ, ಆಮೇಲೆ ಸ್ವಲ್ಪ ಕಾಯಿಸಿ ಹದಕ್ಕೆ ತರಬೇಕು. ಚಾಕು, ಕತ್ತರಿಗಳಿಗೆ ಅದೇ ಸರಿ. ನಿಕೆಲ್ ಇರುವ ಉಕ್ಕನ್ನು ಹಾಗೆ ಕಾಯಿಸಿ ತಣಿಸಿದರೆ ಗಡುಸಾಗುವ ಬದಲು ಇನ್ನಷ್ಟು ಮೆದುವಾಗುತ್ತದೆ. ಅದನ್ನು ಬಲಪಡಿಸಲು ತಣ್ಣಗಿರುವಾಗಲೇ ಒತ್ತಬೇಕು. ಕಬ್ಬಿನ ಗಾಣಕ್ಕೆ ಕಬ್ಬು ಕೊಟ್ಟಂತೆ ಉಕ್ಕಿನ ತಗಡನ್ನು ಭಾರಿ ಉರುಳೆಗಳ ನಡುವೆ ಕಳುಹಿಸುತ್ತಾರೆ. ಒಂದೊಂದು ಸುತ್ತಿಗೂ ತಗಡು ತೆಳುವಾಗುತ್ತದೆ, ಬಿಗಿಯಾಗುತ್ತದೆ. ಲೋಹದ ಹರಳುಗಳೊಳಗಿನ ಪರಮಾಣುಗಳ ಸಾಲುಗಳಲ್ಲಿ ಇರುವ ಸಣ್ಣ ದೋಷಗಳು ಸಲೀಸಾಗಿ ಜಾರುವುದರಿಂದಲೇ ಲೋಹ ಬಗ್ಗುವುದು. ಒತ್ತಡಕ್ಕೆ ಸಿಕ್ಕ ದೋಷಗಳು ಸಂಖ್ಯೆಯಲ್ಲಿ ಹೆಚ್ಚಿ, ಒಂದಕ್ಕೊಂದು ಸಿಕ್ಕುಬಿದ್ದು, ಜಾರುವುದು ಕಷ್ಟವಾಗುತ್ತದೆ. ಹರಳುಗಳ ಒಂದು ಪಾಲು ಗಡಸು ರೂಪಕ್ಕೂ ತಿರುಗುತ್ತದೆ. ಈ ವರ್ಗದ 301 ಎಂಬ ಉಕ್ಕು ಮೆದು ಸ್ಥಿತಿಯಲ್ಲಿ ಸುಮಾರು 205 ಮೆಗಾಪಾಸ್ಕಲ್ ಒತ್ತಡಕ್ಕೆ ಮಣಿದರೆ, ಪೂರ್ತಿ ತಣ್ಣನೆ ಉರುಳಿಸಿದ ಮೇಲೆ 965ರವರೆಗೂ ಮಣಿಯುವುದಿಲ್ಲ. ಬೆರಕೆಯಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ, ಬಲ ಮಾತ್ರ ನಾಲ್ಕೂವರೆ ಪಟ್ಟು! ಹಾಗೆಂದು ಮಿತಿ ಮೀರಿ ಉರುಳಿಸಿದರೆ ಬಾಗುವ ಗುಣ ಹೋಗಿ ಸೀಳುತ್ತದೆ. ಆಗ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ ಮೊದಲಿನ ಮೆದುತನಕ್ಕೆ ಮರಳಿಸಬೇಕು. ಇನ್ನು ಕೆಲವು ವಿಶೇಷ ಬಗೆಗಳಿಗೆ ಎರಡೂ ಬೇಕು: ಮೊದಲು ತಣ್ಣಗೆ ಉರುಳಿಸಿ, ನಂತರ 480 ಡಿಗ್ರಿ ಸುಮಾರಿನ ಮಿತವಾದ ಕಾವಿನಲ್ಲಿ ಇಟ್ಟರೆ ಒಳಗೆ ಅತಿ ಸೂಕ್ಷ್ಮ ಕಣಗಳು ಹುಟ್ಟಿ ಬಲ ಇನ್ನೂ ಏರುತ್ತದೆ. ಸ್ಪ್ರಿಂಗ್, ವಿಮಾನದ ಬಿಡಿಭಾಗಗಳಿಗೆ ಅವು ಬೇಕಾಗುತ್ತವೆ.

ಪಾತ್ರೆ ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡುವ ಗೃಹಿಣಿಯರಿದ್ದಾರೆ. ಅಂಟಿದರೆ ಕಳಪೆ, ಅಂಟದಿದ್ದರೆ ಒಳ್ಳೆಯದು ಎಂಬ ಎಣಿಕೆ. ಆದರೆ ಒಳ್ಳೆಯ ನಿಕೆಲ್ ಉಕ್ಕಿನ ಲೋಟವೂ ಒತ್ತಿ ಎಳೆದು ತಿರುವಿದ ಅಂಚಿನಲ್ಲಿ ಅಯಸ್ಕಾಂತವನ್ನು ಸ್ವಲ್ಪ ಸೆಳೆಯಬಹುದು. ತಣ್ಣಗೆ ಒತ್ತಿದಾಗ ಹುಟ್ಟಿದ ಆ ಗಡಸು ರೂಪಕ್ಕೆ ಅಯಸ್ಕಾಂತೀಯ ಗುಣವಿರುವುದೇ ಅದಕ್ಕೆ ಕಾರಣ. ಅಂಗಡಿಯವನ ಮೇಲೆ ಸಿಟ್ಟಾಗುವ ಮುನ್ನ ಲೋಟದ ತಳವನ್ನೂ ಪರೀಕ್ಷಿಸುವುದು ಒಳ್ಳೆಯದು.

ಸ್ಟೊಡಾರ್ಟ್ 1823ರಲ್ಲಿ ತೀರಿಕೊಂಡ. ಉಕ್ಕಿನ ಕೆಲಸ ಅಲ್ಲಿಗೆ ನಿಂತಿತು. ಅದನ್ನು ಫ್ಯಾರಡೆ ಒಬ್ಬನೇ ಏಕೆ ಮುಂದುವರಿಸಲಿಲ್ಲ ಎಂಬುದಕ್ಕೆ ಆತನ ಬದುಕಿನ ತಿರುವೇ ಉತ್ತರ. 1821ರ ಜೂನ್‌ನಲ್ಲಿ ತನ್ನದೇ ಪಂಗಡದ ಸಾರಾ ಬರ್ನಾರ್ಡ್‌ಳನ್ನು ಮದುವೆಯಾದ. ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ಸುತ್ತುವಂತೆ ಮಾಡಿ ಇಂದಿನ ಮೋಟಾರಿಗೆ ಅಡಿಪಾಯ ಹಾಕಿದ. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು, ಗುರು ಡೇವಿಯ ವಿರೋಧದ ನಡುವೆಯೇ. ಮರುವರ್ಷ ಬೆಂಜೀನ್ ಶೋಧ. ನಂತರದ ಹಲವು ವರ್ಷ ದೂರದರ್ಶಕಗಳಿಗೆ ಉತ್ತಮ ಗಾಜು ತಯಾರಿಸುವ ಸರ್ಕಾರಿ ಕೆಲಸ. ಕುಲುಮೆಯ ಮುಂದಿನ ಅನುಭವ ಅಲ್ಲಿ ಉಪಯೋಗಕ್ಕೆ ಬಂತು. 1831ರ ಆಗಸ್ಟ್ 29ರಂದು ಮೆದು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದು ಕಡೆಯ ವಿದ್ಯುತ್ತನ್ನು ಹಚ್ಚಿ ಆರಿಸಿದಾಗ ಇನ್ನೊಂದು ಕಡೆ ವಿದ್ಯುತ್ ಕ್ಷಣಕಾಲ ಮಿಡಿಯುವುದನ್ನು ಕಂಡ. ಗಡಸು ಉಕ್ಕು ಅಯಸ್ಕಾಂತತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೆದು ಕಬ್ಬಿಣ ಬಿಟ್ಟುಕೊಡುತ್ತದೆ. ಬಳೆಗೆ ಮೆದು ಕಬ್ಬಿಣವೇ ಬೇಕಿತ್ತು. 1845ರಲ್ಲಿ, ಹಿಂದೆ ತಾನೇ ಮಾಡಿಟ್ಟ ಭಾರದ ಗಾಜಿನ ತುಂಡಿನಲ್ಲಿ, ಅಯಸ್ಕಾಂತವು ಬೆಳಕಿನ ಮೇಲೆ ಪ್ರಭಾವ ಬೀರುವುದನ್ನು ತೋರಿಸಿದ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗ ಬೇಡವೆಂದ, ಸರ್ ಪದವಿಯನ್ನೂ ಒಲ್ಲೆನೆಂದ. ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ವಾಸಕ್ಕೆ ಕೊಟ್ಟ ಮನೆಯನ್ನು ಮಾತ್ರ ಒಪ್ಪಿಕೊಂಡ. ನೆನಪಿನ ಶಕ್ತಿ ಬಹುಕಾಲದಿಂದ ಕೈಕೊಡುತ್ತಿತ್ತು. 1867ರ ಆಗಸ್ಟ್ 25ರಂದು ಅದೇ ಮನೆಯಲ್ಲಿ ನಿಧನನಾದ. ವೆಸ್ಟ್‌ಮಿನ್‌ಸ್ಟರ್ ಅಬೆಯ ಗೌರವ ಬೇಡವೆಂದಿದ್ದರಿಂದ ಹೈಗೇಟ್‌ನ ಸಾಮಾನ್ಯ ಸ್ಮಶಾನದಲ್ಲಿ ಸಮಾಧಿ.

ಆ ವೇಳೆಗೆ ವೂಟ್ಸ್ ಹುಟ್ಟಿದ ನಾಡಿನ ಕುಲುಮೆಗಳು ಒಂದೊಂದಾಗಿ ಆರುತ್ತಿದ್ದವು. ಹಡಗಿನಲ್ಲಿ ಬಂದಿಳಿಯುತ್ತಿದ್ದ ಅಗ್ಗದ ಇಂಗ್ಲಿಷ್ ಕಬ್ಬಿಣದ ಮುಂದೆ, ಇದ್ದಿಲು ಸುಟ್ಟು ಸೇರುಗಟ್ಟಲೆ ಮಾಡುವ ಕಬ್ಬಿಣ ನಿಲ್ಲಲಿಲ್ಲ. ಹೊಸಪೇಟೆ ಬಳಿಯ ಕಮಲಾಪುರದಲ್ಲಿ ಜಂಬುನಾಥನ ಬೆಟ್ಟದ ಅದಿರನ್ನು ಕರಗಿಸಿ, ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಗಳನ್ನು ಮಾಡುತ್ತಿದ್ದ ಕಸುಬೂ ಹೀಗೆಯೇ ಕ್ಷೀಣಿಸಿತು. ಕೊಪ್ಪರಿಗೆಗೂ ಪರದೇಶದ ಕಬ್ಬಿಣವೇ ಬಂತು. ಯಾವ ಮೂಸೆಯಲ್ಲಿ ಎಷ್ಟು ಇಂಗಾಲ, ಯಾವ ಕೆಂಪಿನಲ್ಲಿ ಎಷ್ಟು ಪೆಟ್ಟು ಎಂಬುದನ್ನು ಬಲ್ಲ ಕಡೆಯ ತಲೆಮಾರು ಹೊರಟುಹೋದಾಗ ಅವರಲ್ಲಿ ಒಬ್ಬರ ಹೆಸರೂ ವಿಜ್ಞಾನದ ಪುಸ್ತಕ ಸೇರಲಿಲ್ಲ. ಇಂದು ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿ ತೋರಣಗಲ್ಲಿನ ಭಾರಿ ಕಾರ್ಖಾನೆಯಲ್ಲಿ ತಣ್ಣನೆಯ ಉರುಳೆಗಳ ನಡುವೆ ಉಕ್ಕಿನ ತಗಡು ಹರಿಯುತ್ತದೆ. ಅದು ತುಕ್ಕು ಹಿಡಿಯದ ಬಗೆಯದಲ್ಲ, ಸಾಮಾನ್ಯ ಇಂಗಾಲದ ಉಕ್ಕು. ಆದರೆ ಒತ್ತಿ ಬಿಗಿಗೊಳಿಸಿ, ಕಾಯಿಸಿ ಹದಕ್ಕೆ ತರುವ ಕ್ರಮ ಅಲ್ಲಿಯೂ ಅದೇ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಓಡಾಡುವವರು ಕೂರುವ, ಬಿಇಎಂಎಲ್ ತಯಾರಿಸಿದ ಬೋಗಿಗಳ ಮೈಯಂತೂ ತುಕ್ಕು ಹಿಡಿಯದ ಉಕ್ಕಿನದೇ.

ಫ್ಯಾರಡೆಯ ಉಕ್ಕಿನ ತುಂಡುಗಳು ಏನಾದವು? ಆತನ ಹೆಸರು ಬರೆದ ಒಂದು ಮರದ ಪೆಟ್ಟಿಗೆಯಲ್ಲಿ ಅವು ನೂರು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಕೊಂಡೇ ಇದ್ದವು. 1931ರಲ್ಲಿ, ವಿದ್ಯುತ್ ಪ್ರೇರಣೆಯ ಶತಮಾನೋತ್ಸವದ ವರ್ಷ, ಷೆಫೀಲ್ಡ್‌ನ ಉಕ್ಕಿನ ತಜ್ಞ ಸರ್ ರಾಬರ್ಟ್ ಹ್ಯಾಡ್‌ಫೀಲ್ಡ್ ಅವನ್ನು ಪರೀಕ್ಷೆಗೆ ಎತ್ತಿಕೊಂಡ. ಕ್ರೋಮಿಯಂ ಉಕ್ಕನ್ನು ತೀಕ್ಷ್ಣ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅದ್ದಿ ನೋಡಿ, ಕ್ರೋಮಿಯಂ ಬೆರೆಸಿದರೆ ಲೋಹದ ಸವೆತ ಹೆಚ್ಚುತ್ತದೆಂದು 1892ರಲ್ಲಿ ತೀರ್ಪು ಕೊಟ್ಟು, ಒಂದಷ್ಟು ಕಾಲ ಇತರರ ದಾರಿ ತಪ್ಪಿಸಿದ್ದವನೂ ಇದೇ ಹ್ಯಾಡ್‌ಫೀಲ್ಡ್. ಪೆಟ್ಟಿಗೆಯಲ್ಲಿ ಒಟ್ಟು 79 ತುಂಡುಗಳಿದ್ದವು. ಅಮೂಲ್ಯ ವಸ್ತುವೆಂದು ತೀರಾ ಸಣ್ಣ ಚೂರುಗಳನ್ನಷ್ಟೇ ಕತ್ತರಿಸಿ ಆತ ವಿಶ್ಲೇಷಿಸಿದ. ಪ್ಲಾಟಿನಂ ಸಿಕ್ಕಿತು, ರೋಡಿಯಂ ಸಿಕ್ಕಿತು, ಕ್ರೋಮಿಯಂ ಸಿಕ್ಕಿತು. ಈ ಬಾರಿ ಆತ ಬೆರಕೆಯನ್ನು ಅಳೆದು ಸುಮ್ಮನಾಗಲಿಲ್ಲ. ತುಂಡುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಒಳಗಿನ ಹರಳುಗಳ ರಚನೆಯನ್ನೂ ನೋಡಿದ, ಗಡಸುತನವನ್ನೂ ಅಳೆದ.